ಕೆರೆಯ ನೀರು, ಗಾಳಿಯ ಅಲೆ

ಗಾಳಿ ಯಾರಪ್ಪನ ಸ್ವತ್ತು? ಬೆಳ್ಳಟ್ಟಿಯ ಕೇರಿಯಿಂದ ನಾವು ದೆಹಲಿಗೆ ಕೇಳುತ್ತಿದ್ದೇವೆ.

ಉತ್ತರವನ್ನು ಸುಪ್ರೀಂ ಕೋರ್ಟು ಎಂದೋ ಕೊಟ್ಟಿದೆ. 1995ರ ಫೆಬ್ರವರಿಯಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದಿತು. ಅವನ್ನು ನೋಡಿಕೊಳ್ಳಲು ಸ್ವತಂತ್ರ ಪ್ರಾಧಿಕಾರ ಕಟ್ಟಿರಿ ಎಂದಿತು. ಕ್ರಿಕೆಟ್ ಆಟ ತೋರಿಸುವವರ ಜಗಳದಲ್ಲಿ ನಮ್ಮ ಹಕ್ಕು ಹೊರಬಿತ್ತು. ಇರಲಿ, ಹಕ್ಕು ಹಕ್ಕೇ.

ಆದರೆ ಆ ಸ್ವತ್ತು ಹಂಚಿದ್ದು ಹ್ಯಾಂಗ? ಹಣವುಳ್ಳವರಿಗೆ ಹರಾಜು ಹಾಕಿದರು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಹಾಡತೊಡಗಿತು. ಆ ಹೊತ್ತಿನಲ್ಲೇ ಕೋಲಾರ ಜಿಲ್ಲೆಯ ಬೂದಿಕೋಟೆಯ ಹೆಣ್ಣುಮಕ್ಕಳು, ಹುಡುಗರು 'ನಮ್ಮ ಧ್ವನಿ' ಕಟ್ಟಿದರು. ಅವರಿಗೆ ಗಾಳಿ ಸಿಗಲಿಲ್ಲ. ಕೇಬಲ್ ತಂತಿಯಲ್ಲಿ ಮನೆಮನೆಗೆ ಮಾತು ಕಳಿಸಿದರು.

2006ರಲ್ಲಿ ಸಂಘಸಂಸ್ಥೆಗಳಿಗೂ ಸಮುದಾಯ ರೇಡಿಯೋ ಕೊಡುತ್ತೇವೆ ಎಂದರು. 2008ರಲ್ಲಿ ನಮ್ಮ ಬೀದರಿನ ಆಚೆಯ ಜಹೀರಾಬಾದ್ ಸೀಮೆಯ ದಲಿತ ಹೆಣ್ಣುಮಕ್ಕಳು 'ಸಂಘಂ ರೇಡಿಯೋ' ನಡೆಸಿ ತೋರಿಸಿದರು. ಆದರೆ ಕೊಟ್ಟ ಕೈಯೇ ಬಾಯಿ ಮುಚ್ಚಿತು. ಇಂಥ ರೇಡಿಯೋ ತನ್ನದೇ ಸುದ್ದಿ ಹೇಳಬಾರದು, ರಾಜಕೀಯ ಆಡಬಾರದು!

ಉಳ್ಳಾಗಡ್ಡಿಗೆ ರೋಗ ಬಂದರ ಹೇಳ್ರಿ. ಸೋಬಾನೆ ಹಾಡ್ರಿ. ಕೇರಿಗೆ ನೀರು ಬಿಟ್ಟಿಲ್ಲ ಅಂದರ ಅದು ಸುದ್ದಿ. ಚಾದಂಗಡ್ಯಾಗ ಲೋಟ ಬ್ಯಾರೆ ಇಟ್ಟಾರ ಅಂದರ ಸುದ್ದಿ. ಕೂಲಿ ಕಡಿಮಿ ಕೊಟ್ಟಾರ ಅಂದರ ರಾಜಕೀಯ. ಹಂಗಾದರ ನಮ್ಮ ಬದುಕಿನಾಗ ಹೇಳಲಿಕ್ಕೆ ಉಳಿದದ್ದರ ಏನು?

ಹಳ್ಳಿಯ ರೇಡಿಯೋ ಸುದ್ದಿ ಹೇಳಿದರೆ ಗಲಭೆಯಾದೀತಂತೆ. ಹಗಲು ರಾತ್ರಿ ಜಾತಿ, ಧರ್ಮದ ಬೆಂಕಿ ಊದುವ ಟಿವಿ ಚಾನೆಲ್ಲುಗಳಿಗೆ ಸುದ್ದಿಯ ಪರವಾನಗಿ ಕೊಟ್ಟವರು ಯಾರು? ದೇಶಕ್ಕೆಲ್ಲ ಕೇಳುವ ಅವರ ಬಾಯಿಗೆ ಇಲ್ಲದ ಬೀಗ, ಹತ್ತು ಹದಿನೈದು ಕಿಲೋಮೀಟರು ಮುಟ್ಟುವ ನಮ್ಮ ದನಿಗೆ ಯಾಕೆ?

ಮಹಾಡದ ಚವದಾರ್ ಕೆರೆಯೂ ಕಾಗದದ ಮೇಲೆ ಸಾರ್ವಜನಿಕವೇ ಆಗಿತ್ತು. 1924ರಲ್ಲಿ ಪುರಸಭೆ ಠರಾವು ಮಾಡಿತ್ತು. ಆದರೂ ಆ ನೀರು ಮುಟ್ಟಲು 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು. ಅಲೆಗಳ ಠರಾವೂ ಆಗಿದೆ. ನಡೆಯುವುದು ಬಾಕಿ.

ನಮ್ಮ ಬೇಡಿಕೆ ಮೂರು: ಸಮುದಾಯ ರೇಡಿಯೋಕ್ಕೆ ಸ್ವಂತ ಸುದ್ದಿಯ ಹಕ್ಕು, ಕೂಲಿಕಾರರ, ದಲಿತ ಹೆಣ್ಣುಮಕ್ಕಳ ಸಂಘಗಳಿಗೆ ಪರವಾನಗಿಯಲ್ಲಿ ಮೊದಲ ಪಾಳಿ, ಕೋರ್ಟು ಹೇಳಿದ ಸ್ವತಂತ್ರ ಪ್ರಾಧಿಕಾರ. ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಓದಿ ಠರಾವು ಮಾಡಿಸಿರಿ. ಹಾಡುವ ಬಾಯಿಗೆ ಸುದ್ದಿ ಹೇಳಲಿಕ್ಕೂ ಬರತೈತಿ.