ಚರ್ಚಿನ ಬಾಗಿಲಲ್ಲಿ ಕಲಿತ ಪಾಠ



ಕಳೆದ ತಿಂಗಳು ಬೇಲೂರಿನಲ್ಲಿ ಮದುವೆಯೊಂದಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹತ್ತಿರದ ಬಂಧುವೊಬ್ಬರು, “ಭಾವ, ಇಂಗ್ಲೆಂಡಿಗೆ ಹೋಗಿದ್ದಾಗ ವಾರವಾರವೂ ಚರ್ಚಿಗೆ ಹೋಗುತ್ತಿದ್ದಿರಂತೆ, ಹೌದೇ?” ಎಂದು ಕೇಳಿದರು. ಧ್ವನಿಯಲ್ಲಿ ತಮಾಷೆಯೂ ಇತ್ತು, ಸಣ್ಣದೊಂದು ಆಕ್ಷೇಪವೂ ಇತ್ತು. ಬಾಯಲ್ಲಿ ಹೋಳಿಗೆ ಇದ್ದುದರಿಂದ “ಹೌದು” ಎಂದಷ್ಟೇ ಹೇಳಿದೆ. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

2022ರ ನವೆಂಬರ್ ತಿಂಗಳಿನಲ್ಲಿ ನಾನೂ ನನ್ನ ಶ್ರೀಮತಿಯೂ ಮಗಳ ಮನೆಗೆಂದು ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣಕ್ಕೆ ಹೋದೆವು. ಮಗಳು, ಅಳಿಯ ಇಬ್ಬರೂ ದುಡಿಯುವವರು. ನಾಲ್ಕು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಅವರು ಅಲ್ಲಿ ನೆಲೆಸಿ ವರ್ಷ ಕಳೆದಿದ್ದರೂ ಎಡಬಲದ ಮನೆಯವರ ಹೆಸರು ಅವರಿಗೆ ತಿಳಿದಿರಲಿಲ್ಲ. ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಉಕ್ರೇನಿನ ಯುದ್ಧದ ನಂತರ ಗ್ಯಾಸಿನ ಬೆಲೆ ವಿಪರೀತ ಏರಿ, ಮನೆಯನ್ನು ಬೆಚ್ಚಗಿಡುವುದೇ ದೊಡ್ಡ ಖರ್ಚಾಗಿತ್ತು. ಅರಸೀಕೆರೆಯಲ್ಲಿ ಮನೆಯ ಹೊಸ್ತಿಲು ದಾಟಿದರೆ ಹತ್ತು ಜನ “ನಮಸ್ಕಾರ ಮೇಷ್ಟ್ರೇ” ಎನ್ನುತ್ತಿದ್ದರು. ಅಲ್ಲಿ ನಾನು ಯಾರಿಗೂ ಯಾರೂ ಅಲ್ಲ ಎಂಬುದನ್ನು ಅರಗಿಸಿಕೊಳ್ಳಲು ಕಷ್ಟವಾಯಿತು.

ಮನೆಯ ಹತ್ತಿರ ಒಂದು ಮೆಥಡಿಸ್ಟ್ ಚರ್ಚು. ಅದರ ಬಾಗಿಲಲ್ಲಿ, ಮಂಗಳವಾರ ಸಭಾಂಗಣ ಬೆಚ್ಚಗಿರುತ್ತದೆ, ಚಹಾ ಉಂಟು, ಯಾರು ಬೇಕಾದರೂ ಬರಬಹುದು ಎಂಬರ್ಥದ ಫಲಕವಿತ್ತು. ಆ ಚಳಿಗಾಲದಲ್ಲಿ ಬ್ರಿಟನ್ನಿನ ಉದ್ದಗಲಕ್ಕೂ ಚರ್ಚುಗಳು, ಗ್ರಂಥಾಲಯಗಳು ಹೀಗೆ ಬಾಗಿಲು ತೆರೆದಿದ್ದವು. ನಾವು ಎರಡು ವಾರ ಆ ಬಾಗಿಲವರೆಗೆ ಹೋಗಿ ಸಂಕೋಚದಿಂದ ಹಿಂದಿರುಗಿದೆವು. ಮೂರನೆಯ ವಾರ ಮಳೆ ಹಿಡಿಯಿತು. ಒಳಗಿನಿಂದ ವೃದ್ಧೆಯೊಬ್ಬರು ಬಾಗಿಲು ತೆರೆದು ಮಗುವಿನ ಕೈ ಹಿಡಿದುಕೊಂಡರು. ನಾವು ಹಿಂದೆಯೇ ಹೋದೆವು.

ಅಲ್ಲಿ ನಡೆದದ್ದು ಮಹತ್ತರವಾದದ್ದೇನಲ್ಲ. ಆಕೆ ನಮ್ಮ ಹೆಸರು ಕೇಳಿದರು. ಒಮ್ಮೆಗೆ ಹೇಳಲು ಬಾರದಿದ್ದಾಗ ಚೀಟಿಯಲ್ಲಿ ಬರೆದುಕೊಂಡರು. ಮುಂದಿನ ಮಂಗಳವಾರ ತಪ್ಪಿಲ್ಲದೆ ಕರೆದರು. ನಾವು ಏನು ತಿನ್ನುವುದಿಲ್ಲ ಎಂದು ವಿಚಾರಿಸಿದರು. ಆಮೇಲೆ ಪ್ರತಿವಾರ ಮೇಜಿನ ಮೇಲೆ ಒಂದು ತಟ್ಟೆಗೆ “ಮೊಟ್ಟೆ ಹಾಕಿಲ್ಲ” ಎಂಬ ಚೀಟಿ ಅಂಟಿರುತ್ತಿತ್ತು. ಮೊಮ್ಮಗಳಿಗೆ ಆಟದ ಜೊತೆ ಸಿಕ್ಕಿತು. ಮಗಳಿಗೆ ಒಬ್ಬ ಗೆಳತಿ ಸಿಕ್ಕಳು. ಜನವರಿಯಲ್ಲಿ ಅಳಿಯ ಮಂಜುಗಡ್ಡೆಯ ಮೇಲೆ ಜಾರಿ ಮುಂಗೈ ಮುರಿದುಕೊಂಡಾಗ, ನಾವು ಯಾರನ್ನೂ ಕೇಳದೆಯೇ ಆ ಗೆಳತಿ ಕಾರು ತಂದು ನಿಲ್ಲಿಸಿದಳು. ಪಕ್ಕದ ಮನೆಯವರ ಹೆಸರೂ ತಿಳಿಯದಿದ್ದ ಸಂಸಾರಕ್ಕೆ ಆ ಊರು ಊರಾದದ್ದು ಹೀಗೆ.

“ಮತಕ್ಕೆ ಸೇರಿಕೊಳ್ಳಿ ಎನ್ನಲಿಲ್ಲವೇ?” ಎಂಬುದು ಎಲ್ಲರ ಪ್ರಶ್ನೆ. ಭಾನುವಾರದ ಪ್ರಾರ್ಥನೆಗೆ ಒಮ್ಮೆ ಕರೆದರು. ನಮ್ಮ ಪೂಜೆ ಮನೆಯಲ್ಲೇ ನಡೆಯುತ್ತದೆ ಎಂದು ಶ್ರೀಮತಿ ವಿನಯದಿಂದ ಹೇಳಿದಳು. ಮುಂದಿನ ಮಂಗಳವಾರ ಚಹಾ ಅಷ್ಟೇ ಬಿಸಿಯಾಗಿತ್ತು, ಕುರ್ಚಿಯೂ ಅದೇ ಇತ್ತು. ನನ್ನ ಮಟ್ಟಿಗೆ ಪರೀಕ್ಷೆ ಅದೇ. ಆಹ್ವಾನವನ್ನು ನಿರಾಕರಿಸಿದ ಮೇಲೂ ಆದರ ಕುಂದದಿದ್ದರೆ ಅದು ನಿಜವಾದ ಆದರ. 2023ರ ಮಾರ್ಚ್ 22ರಂದು ಯುಗಾದಿ ಬಂದಾಗ ಅವರೇ ಸಭಾಂಗಣವನ್ನೂ ಅಡಿಗೆಮನೆಯನ್ನೂ ಬಿಟ್ಟುಕೊಟ್ಟರು. ಊರಿನಿಂದ ಒಯ್ದಿದ್ದ ಒಣಗಿದ ಬೇವಿನ ಹೂವಿಗೆ ಬೆಲ್ಲ ಬೆರೆಸಿ ಎಲ್ಲರಿಗೂ ಕೊಟ್ಟೆವು. ಒಬ್ಬ ಮುದುಕರು ಮುಖ ಕಿವಿಚಿ, ಅರ್ಥ ಕೇಳಿ ತಿಳಿದುಕೊಂಡು, ಮತ್ತೊಂದು ಚಮಚ ಬೇಡಿದರು!

ಅದೇ ದಿನ ನಾನು ಅವರಿಗೆ ಒಂದು ಸಂಗತಿ ಹೇಳಿದೆ. ಅವರ ಪೂರ್ವಿಕರಾದ ವೆಸ್ಲಿಯನ್ ಮಿಷನ್ನಿನವರು ನಮ್ಮ ಹಾಸನದಲ್ಲಿ ಆಸ್ಪತ್ರೆ ನಡೆಸುತ್ತಿದ್ದರು. ನನ್ನ ತಂಗಿ ಹುಟ್ಟಿದ್ದು ಅಲ್ಲಿಯೇ. ಅವರಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಮಿಷನರಿಗಳು ನಮ್ಮ ನಾಡಿಗೆ ಮತಪ್ರಚಾರದ ಉದ್ದೇಶದಿಂದಲೇ ಬಂದರೆಂಬುದನ್ನು ನಾನು ಮರೆತಿಲ್ಲ. ಅದನ್ನು ಮುಚ್ಚಿಡಬೇಕಾದ ಅಗತ್ಯವೂ ಇಲ್ಲ. ಆದರೂ ಹೆರಿಗೆಯ ನೋವಿನಲ್ಲಿದ್ದ ನನ್ನ ತಾಯಿಯನ್ನು ಒಳಗೆ ಕರೆದುಕೊಂಡವರು ಆಕೆಯ ಮತವನ್ನು ಕೇಳಲಿಲ್ಲ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಕಿಟೆಲ್ಲರು 1894ರಲ್ಲಿ ನಮಗೆ ಕನ್ನಡದ ನಿಘಂಟನ್ನು ಕೊಟ್ಟರು. ಬಂದವರ ಉದ್ದೇಶ ಒಂದಿರಬಹುದು. ಅವರಿಂದ ಆದ ಉಪಕಾರವನ್ನು ನೆನೆಯಲು ನಮ್ಮ ಧರ್ಮವನ್ನು ಬಿಡಬೇಕಾಗಿಲ್ಲ.

ಹಾಗೆಂದು ಇಂಗ್ಲೆಂಡಿನ ಚರ್ಚುಗಳೆಲ್ಲ ಎಂದಿನಿಂದಲೂ ಹೀಗೇ ಇದ್ದವೆಂದು ಭಾವಿಸಬೇಡಿ. 1948ರಲ್ಲಿ ‘ಎಂಪೈರ್ ವಿಂಡ್‌ರಷ್’ ಎಂಬ ಹಡಗಿನಲ್ಲಿ ವೆಸ್ಟ್ ಇಂಡೀಸಿನ ಜನ ಅಲ್ಲಿಗೆ ಬಂದರು. ಆಮೇಲಿನ ವರ್ಷಗಳಲ್ಲಿ ಇನ್ನೂ ಸಾವಿರಾರು ಜನ ಬಂದರು. ಅವರಲ್ಲಿ ಬಹುಮಂದಿ ಕ್ರೈಸ್ತರೇ. ಆದರೂ ಚರ್ಚಿನ ಬಾಗಿಲಲ್ಲಿ ಎಷ್ಟೋ ಜನರಿಗೆ ತಣ್ಣನೆಯ ಮುಖ ಎದುರಾಯಿತು. ಕೆಲವರನ್ನು ಇನ್ನು ಬರಬೇಡಿ ಎಂದೇ ಕಳುಹಿಸಿದರು. ಇದಕ್ಕಾಗಿ ಚರ್ಚ್ ಆಫ್ ಇಂಗ್ಲೆಂಡಿನ ಮಹಾಸಭೆಯು 2020ರಲ್ಲಿ ಕ್ಷಮೆ ಕೋರಿತು. ಒಂದೇ ದೇವರನ್ನು ಪೂಜಿಸುವವರನ್ನೇ ಹೊರಗೆ ನಿಲ್ಲಿಸಿದ ದೇಶದಲ್ಲಿ ಬೇರೆ ದೇವರನ್ನು ಪೂಜಿಸುವ ನಮಗೆ ಕುರ್ಚಿ ಸಿಕ್ಕಿತು. ಹಾಗಾದರೆ ಆದರವೆಂಬುದು ಯಾವುದೇ ಮತದ ಹುಟ್ಟುಗುಣವಲ್ಲ. ಅದನ್ನು ಜನ ಕಲಿಯಬೇಕು. ತಪ್ಪು ಮಾಡಿ, ನಾಚಿ, ಕಲಿಯಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ನನ್ನ ನಾಚಿಕೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. 1986ರ ಮಾತು. ನಮ್ಮದು ರೈಲ್ವೆ ಜಂಕ್ಷನ್ ಊರು. ವರ್ಗವಾಗಿ ಬರುವವರು, ಹೋಗುವವರು ಸದಾ ಇದ್ದರು. ಗುಂತಕಲ್ಲಿನಿಂದ ಬಂದ ರೈಲ್ವೆ ನೌಕರರೊಬ್ಬರ ಮಗ ಡಿಸೆಂಬರಿನಲ್ಲಿ ನನ್ನ ಎಂಟನೆಯ ತರಗತಿಗೆ ಸೇರಿದ. ತೆಲುಗಿನ ಹುಡುಗ. ಹಾಜರಿ ಕೂಗುವಾಗ ಅವನ ಮನೆತನದ ಹೆಸರನ್ನು ನಾನು ತಪ್ಪಾಗಿ ಓದಿದೆ. ತರಗತಿ ನಕ್ಕಿತು. ನಾನೂ ನಕ್ಕೆ. ಪಾಠಗಳು ಬಹಳ ಮುಂದೆ ಹೋಗಿವೆ, ಯಾರ ಹತ್ತಿರವಾದರೂ ನೋಡಿ ಬರೆದುಕೋ ಎಂದು ಹೇಳಿ ಕೊನೆಯ ಬೆಂಚಿಗೆ ಕಳುಹಿಸಿದೆ. ಮಧ್ಯಾಹ್ನ ಅವನು ಹುಣಸೆಮರದ ಕೆಳಗೆ ಒಬ್ಬನೇ ಡಬ್ಬಿ ಬಿಚ್ಚುವುದನ್ನು ಕಿಟಕಿಯಿಂದ ಎಷ್ಟೋ ದಿನ ಕಂಡಿದ್ದೇನೆ. ಒಮ್ಮೆಯೂ ಎದ್ದು ಹೋಗಲಿಲ್ಲ. ಜೂನಿನಲ್ಲಿ ಅವನು ಬರಲಿಲ್ಲ. ಬಿ.ಎಡ್. ಓದಿದ್ದ ನಾನು ಬಾಲಮನೋವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದವನು! ಆ ವೃದ್ಧೆ ನನ್ನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡಾಗ ನನಗೆ ನೆನಪಾದವನು ಆ ಹುಡುಗ. ಮೂವತ್ತಾರು ವರ್ಷ ತಡವಾಗಿ.

ನಮ್ಮ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವಿದೆ. ನಿಮ್ಮಲ್ಲಿ ಹಲವರನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. 1220ರಲ್ಲಿ ಅದನ್ನು ಕಟ್ಟಿಸಿದ ರೇಚರಸ ಈ ನೆಲದವನಲ್ಲ. ಕಳಚುರಿ ಅರಸರಲ್ಲಿ ದಂಡನಾಯಕನಾಗಿದ್ದು, ಆ ರಾಜ್ಯ ಅಳಿದ ಮೇಲೆ ಹೊಯ್ಸಳ ವೀರಬಲ್ಲಾಳನ ಆಶ್ರಯಕ್ಕೆ ಬಂದವನು. ಅವನಿಗಿದ್ದ ಬಿರುದು ‘ವಸುಧೈಕಬಾಂಧವ’. ಭೂಮಿಗೆಲ್ಲ ಒಬ್ಬ ನೆಂಟ ಎಂದು ಅರ್ಥ. ಹೊರಗಿನಿಂದ ಬಂದವನಿಗೆ ಆಶ್ರಯ ದೊರೆಯಿತು. ಅವನು ನಮಗೊಂದು ದೇಗುಲವನ್ನು ಬಿಟ್ಟುಹೋದ. ಶಿಲ್ಪದ ವಿವರಗಳನ್ನೆಲ್ಲ ನಿಮಗೆ ಬರೆಸಿದ ನಾನು ಈ ಮಾತನ್ನು ಹೇಳಲೇ ಇಲ್ಲ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕ್ಯಾಮೆರಾ ಹಿಡಿದು ಬರುವ ಪರದೇಶಿಯರನ್ನು ನಾವು ನಗುನಗುತ್ತ ಬರಮಾಡಿಕೊಳ್ಳುತ್ತೇವೆ. ಗಂಟು ಹೊತ್ತು ಬರುವವರನ್ನು? ಬೇಲೂರಿನ ಸುತ್ತಣ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಸಂಸಾರಗಳು ಬರುತ್ತಿವೆ. ಅರಸೀಕೆರೆಯ ನಿಲ್ದಾಣದಲ್ಲಿ ಬಿಹಾರ, ಒಡಿಶಾಗಳ ಹುಡುಗರು ಇಳಿಯುತ್ತಾರೆ. ಅವರನ್ನು ನಾವು ಕರೆಯುವುದು “ಏ ಹಿಂದಿಯವನೇ” ಎಂದು. ನಮ್ಮ ಮಕ್ಕಳಿಗೆ ಪರದೇಶದಲ್ಲಿ ಬೆಚ್ಚನೆಯ ಕೋಣೆ, ಬಿಸಿ ಚಹಾ ಸಿಕ್ಕಿತೆಂದು ಹಿಗ್ಗುವ ನಾವು ಇವರಿಗೆ ಹೆಸರನ್ನಾದರೂ ಕೊಡಬೇಡವೇ? ದೇವಸ್ಥಾನದ ದಾಸೋಹದ ಪಂಕ್ತಿಯಲ್ಲಿ ಒಂದು ಎಲೆ, ಶಾಲೆಗೆ ಸೇರದೆ ಉಳಿದ ಅವರ ಮಗುವಿಗೆ ಮುಂದಿನ ಬೆಂಚಿನಲ್ಲಿ ಒಂದು ಜಾಗ, ಇವು ನಮ್ಮಿಂದಾಗದ ಕೆಲಸಗಳಲ್ಲ.

ನನ್ನ ಶಿಷ್ಯರಲ್ಲಿ ಅನೇಕರು ಈಗ ಶಿಕ್ಷಕರು, ಅಂಗಡಿಯವರು, ತೋಟದ ಒಡೆಯರು. ನಿಮ್ಮಲ್ಲಿ ಈ ಮುದಿ ಮೇಷ್ಟರದು ಒಂದೇ ಕೋರಿಕೆ. ಈ ವಾರ ನಿಮ್ಮ ಬಾಗಿಲಿಗೆ ಬರುವ ಹೊಸಬರೊಬ್ಬರ ಹೆಸರನ್ನು ಕೇಳಿ, ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ವಾರ ಅದೇ ಹೆಸರಿನಿಂದ ಕರೆಯಿರಿ.

ಮದುವೆ ಮನೆಯಲ್ಲಿ ಪ್ರಶ್ನೆ ಕೇಳಿದ ಬಂಧುಗಳಿಗೂ ಇದೇ ಉತ್ತರ. ಹೌದು, ವಾರವಾರವೂ ಹೋಗುತ್ತಿದ್ದೆ. ಹೋದದ್ದು ಚಹಾಕ್ಕೆ, ಕಲಿತು ಬಂದದ್ದು ಇದು.