ಸ್ವಂತ ಅಂಗಡಿಯೋ, ತಿಂಗಳ ಸಂಬಳವೋ

1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾದಾಗ ಅದು ಯುವಕರಿಗೆ ಹೇಳಿದ್ದು ಒಂದೇ ಮಾತು: ನೌಕರಿಗೆ ಕಾಯುತ್ತ ಕೂರಬೇಡಿ, ಕಸುಬು ಕಲಿತು ನಿಮ್ಮದೇ ಉದ್ಯೋಗ ಕಟ್ಟಿಕೊಳ್ಳಿ. ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್ ಜೊತೆ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್‌ಗಳು ಸೇರಿ ರೂಪಿಸಿದ ಆ ಮಾದರಿಯನ್ನೇ ಮುಂದೆ ಕೇಂದ್ರ ಸರ್ಕಾರ ಆರ್‌ಸೆಟಿ ಹೆಸರಿನಲ್ಲಿ ದೇಶದ ಜಿಲ್ಲೆಗಳಿಗೆ ಒಯ್ದಿತು. ಹೊಲಿಗೆ, ಫೋಟೊಗ್ರಫಿ, ಮೊಬೈಲ್ ರಿಪೇರಿ ಕಲಿತು ಬಂದವರ ಅಂಗಡಿಗಳು ನಮ್ಮ ತಾಲ್ಲೂಕು ಪೇಟೆಗಳಲ್ಲಿ ಇವತ್ತಿಗೂ ಇವೆ. ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಅದರಿಂದಲೇ. ಆದರೆ ನಲವತ್ತು ದಾಟುತ್ತಿರುವ ಅನೇಕ ಅಂಗಡಿಕಾರರ ಮನಸ್ಸಿನಲ್ಲಿ ಈಗ ಬೇರೆ ಪ್ರಶ್ನೆ ಎದ್ದಿದೆ: ಬಾಗಿಲು ಹಾಕಿ ಎಲ್ಲಾದರೂ ಸಂಬಳಕ್ಕೆ ಸೇರಿಬಿಡಲೇ?

ಈ ಪ್ರಶ್ನೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾಯಿತು, ಮರುವರ್ಷದ ಜುಲೈಯಲ್ಲಿ ಜಿಎಸ್‌ಟಿ, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆಟೊ–ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಮಡಿವಾಳರಿಗೆ ತಲಾ 5,000 ರೂಪಾಯಿ ಘೋಷಿಸಿತು. ಸ್ವಂತ ದುಡಿಮೆಯವರ ಬೆನ್ನಿಗೆ ಪಿಎಫ್ ಇಲ್ಲ, ರಜೆಯ ಸಂಬಳವಿಲ್ಲ ಎಂಬುದು ಅಷ್ಟು ನಿಚ್ಚಳವಾಗಿ ಹಿಂದೆಂದೂ ಕಂಡಿರಲಿಲ್ಲ.

ನಿರ್ಧಾರಕ್ಕೆ ಮೊದಲು ಲೆಕ್ಕ ಬೇಕು. ಫೋಟೊ ಸ್ಟುಡಿಯೊ ಒಂದನ್ನು ಕಲ್ಪಿಸಿಕೊಳ್ಳಿ. ಮದುವೆ ಸೀಸನ್‌ನಲ್ಲಿ ಪುರುಸೊತ್ತಿಲ್ಲ, ಆಷಾಢ, ಧನುರ್ಮಾಸಗಳಲ್ಲಿ ಗಿರಾಕಿಯಿಲ್ಲ. ಬಾಡಿಗೆ, ಕರೆಂಟು ಕಳೆದು ವರ್ಷದ ಸರಾಸರಿಯಲ್ಲಿ ತಿಂಗಳಿಗೆ 28,000 ಉಳಿಯುತ್ತದೆ ಅನ್ನೋಣ. ಮಾಲೀಕರು ಇದನ್ನೇ ತಮ್ಮ ಗಳಿಕೆ ಎನ್ನುತ್ತಾರೆ. ಆದರೆ ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕಾದ ಕ್ಯಾಮೆರಾ ತಿಂಗಳಿಗೆ 3,000 ತಿನ್ನುತ್ತದೆ. ಉದ್ರಿ ಮುಳುಗುವುದು 1,500. ಮನೆಮಂದಿಯ ಆರೋಗ್ಯ ವಿಮೆ 2,000. ದಿನಕ್ಕೆ ನಾಲ್ಕು ತಾಸು ಕೂತು ಆಲ್ಬಂ ಜೋಡಿಸುವ ಹೆಂಡತಿಯ ಕೆಲಸಕ್ಕೆ ಬೇರೆಯವರನ್ನಿಟ್ಟರೆ ಕನಿಷ್ಠ 6,000 ಕೊಡಬೇಕು. ಉಳಿದದ್ದು 15,500.

ಈ ಕೊನೆಯ ಬಾಬತ್ತನ್ನು ಬರೆದುಕೊಳ್ಳುವವರನ್ನು ನಾನು ಕಂಡಿಲ್ಲ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ ಪ್ರಕಾರ 2017–18ರಲ್ಲಿ ದುಡಿಯುವವರ ಪೈಕಿ ಶೇ 52.2ರಷ್ಟಿದ್ದ ಸ್ವಂತ ಉದ್ಯೋಗದವರು 2023–24ರಲ್ಲಿ ಶೇ 58.4ಕ್ಕೆ ಏರಿದ್ದಾರೆ. ಆ ಶೇ 58.4ರೊಳಗೆ ಶೇ 19.4ರಷ್ಟು ಜನ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರು. ಸ್ವಾವಲಂಬನೆಯ ಹೆಮ್ಮೆಯಲ್ಲಿ ಅವರ ಪಾಲು ದೊಡ್ಡದು, ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವರ ಹೆಸರಿಲ್ಲ.

ಅದೇ ಊರಿನಲ್ಲಿ 20,000 ಸಂಬಳದ, 15,000 ಮೂಲವೇತನದ ಕೆಲಸ ಸಿಕ್ಕಿತೆನ್ನಿ. ಪಿಎಫ್ 1,800, ಇಎಸ್‌ಐ 150 ಕಡಿತವಾಗಿ ಕೈಗೆ 18,050 ಬರುತ್ತದೆ. ಮಾಲೀಕರೂ 1,800 ಕಟ್ಟುತ್ತಾರೆ. ಸಂಬಳ 21,000 ಮೀರದಿರುವುದರಿಂದ ಇಡೀ ಕುಟುಂಬಕ್ಕೆ ಇಎಸ್‌ಐ ಚಿಕಿತ್ಸೆ ಇದೆ. ಕೆಲಸ ಇರುವುದು ಬೆಂಗಳೂರಿನಲ್ಲಾದರೆ ಮಾತು ಬೇರೆ. ಮನೆ ಬಾಡಿಗೆ, ಮುಂಗಡ, ಮಕ್ಕಳ ಶಾಲೆ ಎಂದು ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಅಂಥ ಸಂಬಳಕ್ಕೆ ಊರು ಬಿಡಬೇಡಿ ಎಂದೇ ನಾನು ಹೇಳುತ್ತೇನೆ.

ವಯಸ್ಸನ್ನೂ ಮರೆಯುವಂತಿಲ್ಲ. ಪಿಎಫ್ ಜೊತೆಗಿನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಲೆಕ್ಕ 58ಕ್ಕೆ ಮುಗಿಯುತ್ತದೆ. ಹೊಸದಾಗಿ ಸೇರುವವರಿಗೆ 48ರ ನಂತರ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಹಿಂದೆ ಫ್ಯಾಕ್ಟರಿಯಲ್ಲಿ ದುಡಿದು ಪಿಂಚಣಿ ಹಣ ಹಿಂಪಡೆಯದೆ ಬಂದವರಿದ್ದರೆ ಆ ವರ್ಷಗಳೂ ಸೇರುತ್ತವೆ. ಹಳೆಯ ಪಿಎಫ್ ನಂಬರನ್ನು ಇವತ್ತೇ ಹುಡುಕಿಡಿ.

ಅಂಗಡಿ ಬಿಡುವ ಸಂಕಟ ದುಡ್ಡಿನದಷ್ಟೇ ಅಲ್ಲ ಎಂಬುದು ನಿಜ. ನಿನ್ನೆಯವರೆಗೆ ‘ಸಾವ್ಕಾರ್ರೇ’ ಎಂದು ಕರೆಸಿಕೊಂಡವನು ನಾಳೆ ಇನ್ನೊಬ್ಬರ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು. ಸೋತು ಬಂದ ಎನ್ನುವ ನೆಂಟರಿಗೆ ಕೊರತೆಯಿಲ್ಲ. ಆ ಮಾತಿಗೆ ಅಂಜಿ ಎರಡು ವರ್ಷ ಎಳೆದವರು ಕೈಸಾಲ ಮಾಡಿಕೊಂಡು, ಕೊನೆಗೆ ಸಿಕ್ಕ ಕೆಲಸಕ್ಕೆ ಸಿಕ್ಕ ಸಂಬಳಕ್ಕೆ ಸೇರುತ್ತಾರೆ. ಅದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಮನೆಬಾಗಿಲಿಗೆ ತಂದ ಪಿಗ್ಮಿ ಠೇವಣಿಯೇ ಕರಾವಳಿಯ ಸಣ್ಣ ವ್ಯಾಪಾರಿಗಳ ಪಾಲಿನ ಪಿಎಫ್ ಆಗಿತ್ತು. ಪಿಗ್ಮಿಯವರನ್ನು ವರ್ಷದ ಆರು ತಿಂಗಳು ಬರಿಗೈಯಲ್ಲಿ ಕಳಿಸುತ್ತಿದ್ದೀರಿ ಎಂದರೆ, ಕೆಲಸ ಹುಡುಕುವ ಹೊತ್ತು ಬಂದಿದೆ. ಪಿಗ್ಮಿ ತಪ್ಪದೆ ನಡೆಯುತ್ತಿದ್ದರೆ, ಮನೆಯವರ ಕೂಲಿ ಕಳೆದೂ ಸಂಬಳದಷ್ಟು ಉಳಿಯುತ್ತಿದ್ದರೆ, ಯಾರದೋ ಮಗನ ಕಂಪನಿ ಕೆಲಸ ನೋಡಿ ಅಂಗಡಿ ಮುಚ್ಚಬೇಡಿ.

ಆರ್‌ಸೆಟಿಗಳು ತರಬೇತಿ ಪಡೆದವರನ್ನು ಎರಡು ವರ್ಷ ಹಿಂಬಾಲಿಸಿ ನೆರವಾಗುತ್ತವೆ. ಅಂಗಡಿಗೆ ಹತ್ತು ತುಂಬಿದಾಗಲೂ ಒಮ್ಮೆ ಅವರನ್ನು ಕರೆದು, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಈ ಲೆಕ್ಕ ಹಾಕಿಸಬೇಕು. ಅಂಗಡಿಯಲ್ಲೇ ಉಳಿಯುವವರಿಗೂ ಸಿಗುವ ಅಟಲ್ ಪಿಂಚಣಿಗೆ ಸೇರಲು ವಯೋಮಿತಿ 40. ಇಪ್ಪತ್ತೈದಕ್ಕೆ ಅಂಗಡಿ ತೆರೆದವರಿಗೆ ಆ ಹೊತ್ತಿನಲ್ಲಿ ಇನ್ನೂ ಐದು ವರ್ಷ ಉಳಿದಿರುತ್ತದೆ.