‘ಜನ ಜಾಸ್ತಿ’ ಅನ್ನೋ ಜನ

ಸೋಮವಾರ ಬೆಳಿಗ್ಗೆ ನಮ್ಮ ಆಫೀಸಿನ ಕಾಫಿ ಮಷೀನ್ ಹತ್ತಿರ ಒಂದು ಮಾತು ತಪ್ಪದೆ ಕೇಳಿಸುತ್ತೆ. “ಚಿಕ್ಕಮಗಳೂರಿಗೆ ಹೋಗಿದ್ವಿ ಗುರು, ವೇಸ್ಟು. ಎಲ್ಲಿ ನೋಡಿದ್ರೂ ಜನ.” ಒಂದು ವಾರ ಚಿಕ್ಕಮಗಳೂರು, ಇನ್ನೊಂದು ವಾರ ಗೋಕರ್ಣ, ಜುಲೈ ಬಂದರೆ ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲ. ಊರು ಬದಲಾಗುತ್ತೆ, ಮಾತು ಬದಲಾಗಲ್ಲ. ಹೇಳುವವನ ಲೆಕ್ಕದಲ್ಲಿ ಅವನೊಬ್ಬ ಪ್ರವಾಸಿ, ಉಳಿದವರೆಲ್ಲ ಜನ.

ಈ ಜನ ಅಂದರೆ ಯಾರು? ಟೆಂಪೋ ಟ್ರಾವೆಲರ್‌ನಲ್ಲಿ ಬಂದ ಹನ್ನೆರಡು ಮಂದಿ. ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಮೊಸರನ್ನ. ಮಂಕಿ ಟೋಪಿ ಹಾಕಿಕೊಂಡ ಅಜ್ಜ, ಸೀರೆಯ ಮೇಲೆ ಮಗನ ಸ್ವೆಟರ್ ಹಾಕಿಕೊಂಡ ಅಜ್ಜಿ. ಬೆಟ್ಟದ ಮೇಲೆ ಜೋರಾಗಿ ಕೂಗೋ ಹುಡುಗರು. ಮೊಬೈಲಲ್ಲಿ ‘ಮುಂಗಾರು ಮಳೆ’ ಹಾಡು. ಇವರನ್ನ ಕಂಡರೆ ನಮ್ಮವರಿಗೆ ಮುಖ ಸಿಂಡರಿಸುತ್ತೆ. “ಇವ್ರಿಗೆ ನೇಚರ್ ಅಂದ್ರೇನು ಅಂತಾನೇ ಗೊತ್ತಿಲ್ಲ” ಅಂತ ಒಬ್ಬರು ನನ್ನೆದುರೇ ಅಂದರು. ಆ ಅಜ್ಜಿ ಐವತ್ತು ವರ್ಷ ರಾಗಿ ಹೊಲದಲ್ಲಿ ಕಳೆ ಕಿತ್ತಿರಬಹುದು. ಅವಳಿಗೆ ನೇಚರ್ ಗೊತ್ತಿಲ್ಲವಂತೆ, ಟೆರೇಸಿನ ಮೇಲೆ ಎರಡು ಕುಂಡ ಸಕ್ಯುಲೆಂಟ್ ಇಟ್ಟವರಿಗೆ ಗೊತ್ತಂತೆ!

ನಾನು ಈ ಟೆಂಪೋ ಟ್ರಾವೆಲರ್ ಪಕ್ಷದವನು, ಮೊದಲೇ ಹೇಳಿಬಿಡ್ತೀನಿ.

ಯಾಕಂದ್ರೆ ನಮ್ಮಂಥ ಮನೆಗಳಲ್ಲಿ ಸುಮ್ಮನೆ ನೋಡೋಕೆ ಅಂತ ಹೊರಡೋದು ಬಹಳ ಹೊಸ ವಿಷಯ. ತಿಪಟೂರಿನ ಕಡೆಯ ನಮ್ಮೂರಲ್ಲಿ ಮನೆಮಂದಿಯೆಲ್ಲ ಹೊರಟರು ಅಂದರೆ ಜಾತ್ರೆ, ಮದುವೆ, ಸಾವು, ಇಲ್ಲಾ ಧರ್ಮಸ್ಥಳದ ಹರಕೆ. ನಾಲ್ಕರಲ್ಲೂ ಹೆಂಗಸರಿಗೆ ಕೆಲಸ ತಪ್ಪಿದ್ದಲ್ಲ. ಹೂವು ಕಾಣದ ಊರೇನಲ್ಲ ನಮ್ಮದು. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹುಚ್ಚೆಳ್ಳು ಅರಳಿದರೆ ಹಸಿರಿಗೆ ಹಳದಿ ಗೆರೆ ಎಳೆದ ಹಾಗೆ ಕಾಣುತ್ತೆ. ಬದುವಿನ ಮೇಲೆ ತುಂಬೆ, ತಂಗಡಿ, ಬೇಲಿಗೆ ಹಬ್ಬಿದ ಗೌರಿ ಹೂ. ಆದರೆ ಅದರ ಎದುರು ಕೈಕಟ್ಟಿ ನಿಂತು ನೋಡಿದವರನ್ನ ನಾನು ಕಂಡಿಲ್ಲ. ಹಾಗೆ ನಿಂತರೆ “ಏನ್ ಕಳ್ಕೊಂಡೆ?” ಅಂತ ಪಕ್ಕದ ಹೊಲದವರು ಕೇಳೋರು. ಚಂದ ಅನ್ನೋದು ಕೆಲಸದ ಮಧ್ಯೆ ಕಣ್ಣಿಗೆ ಬಿದ್ದರೆ ಬಿತ್ತು. ಅದಕ್ಕೆ ಅಂತ ಒಂದು ದಿನ, ಒಂದಿಷ್ಟು ದುಡ್ಡು, ಒಂದು ಒಳ್ಳೆ ಸೀರೆ ತೆಗೆದಿಡೋದು ದೊಡ್ಡವರ ಮನೆಯ ವಿಷಯವಾಗಿತ್ತು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಫ್ರೀ. ಆಗ ಎಷ್ಟು ನಕ್ಕರು ನಮ್ಮ ಜನ! ಕಿಟಕಿಯಿಂದ ಹತ್ತುವ ಹೆಂಗಸರ ವಿಡಿಯೋ, ಅತ್ತೆ ಸೊಸೆ ಜೋಕು, “ಅಡುಗೆ ಬಿಟ್ಟು ಊರು ಸುತ್ತೋಕೆ ಹೊರಟ್ರು” ಅನ್ನೋ ಫಾರ್ವರ್ಡು. ವರ್ಷಕ್ಕೆರಡು ಸಲ ಫ್ಲೈಟ್ ಹತ್ತಿ ಊರು ಸುತ್ತುವವರೇ ಅದನ್ನ ಕಳಿಸಿದ್ದು. ಆ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ಅಮ್ಮ ಸಂಘದ ನಾಲ್ಕು ಜನರ ಜೊತೆ ಹಾಸನದಲ್ಲಿ ಬಸ್ ಬದಲಿಸಿ, ಮಂಗಳೂರಲ್ಲಿ ಬದಲಿಸಿ, ಉಡುಪಿ ಕೃಷ್ಣನ್ನ ನೋಡಿ, ಮಲ್ಪೆಗೆ ಹೋದಳು. ಅರವತ್ತೊಂದನೇ ವಯಸ್ಸಿಗೆ ಸಮುದ್ರ. ನಾನು ಬೆಂಗಳೂರಲ್ಲಿ ಹತ್ತು ವರ್ಷದಿಂದ ಸಂಬಳ ತಗೋತಿದ್ದೆ, “ಕಾರಲ್ಲಿ ಕರ್ಕೊಂಡ್ ಹೋಗ್ತೀನಿ” ಅಂತ ಪ್ರತಿ ಹಬ್ಬಕ್ಕೂ ಅಂದರೆ, “ತೆಂಗಿನಕಾಯಿ ಕೀಳಿಸ್ಬೇಕು”, “ಎಮ್ಮೆ ಯಾರು ನೋಡ್ತಾರೆ” ಅಂತ ಆಕೆಯೇ ತಳ್ಳುತ್ತಿದ್ದಳು. ಮಗನ ಕಾರಲ್ಲಿ ಹೋದರೆ ಅದು ಮಗನ ಟ್ರಿಪ್ಪು. ಬಸ್ಸಲ್ಲಿ ಹೋದದ್ದು ಅವಳದ್ದು. ಫೋನಲ್ಲಿ ಹೇಗಿತ್ತಮ್ಮ ಅಂದೆ. “ಉಪ್ಪು ಅಂತ ಗೊತ್ತಿತ್ತು ಕಣಪ್ಪ, ಇಷ್ಟೊಂದು ಉಪ್ಪು ಅಂತ ಗೊತ್ತಿರ್ಲಿಲ್ಲ” ಅಂದಳು.

ಮಲ್ಪೆಯಲ್ಲಿ ಅವತ್ತು “ಥೂ, ಎಷ್ಟು ಜನ” ಅಂತ ಯಾರಾದರೂ ಅಂದಿದ್ದರೆ, ಆ ಜನದಲ್ಲಿ ನನ್ನ ಅಮ್ಮ ಇದ್ದಳು.

ಹಾಗಂತ ಟೆಂಪೋ ಟ್ರಾವೆಲರ್‌ನವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಗುಂಡ್ಲುಪೇಟೆಗೆ ಬನ್ನಿ. ಮೈಸೂರಿಂದ ನಂಜನಗೂಡು ದಾಟಿ ಬಂಡೀಪುರದ ಕಡೆ ಹೋಗುವ ಹೆದ್ದಾರಿ. ಜೂನ್ ಕೊನೆಯಿಂದ ಆಗಸ್ಟ್ ತನಕ ಎರಡೂ ಕಡೆ ಸೂರ್ಯಕಾಂತಿ, ಕೆಲವು ಕಡೆ ಚೆಂಡುಹೂ. ಕೇರಳದ ಗಾಡಿ, ಬೆಂಗಳೂರಿನ ಗಾಡಿ, ಎಲ್ಲ ಅಲ್ಲೇ ನಿಲ್ಲುತ್ತವೆ. ಇದು ಕಾಡುಹೂವಲ್ಲ ಸ್ವಾಮಿ, ಬೆಳೆ. ಮುಂಗಾರಿಗೆ ಮುಂಚೆಯ ಮಳೆ ನೋಡಿಕೊಂಡು ಬಿತ್ತಿ, ಗೊಬ್ಬರ ಹಾಕಿ, ಗಿಳಿ ಓಡಿಸಿ ಬೆಳೆದದ್ದು. ಹೊಲದ ಬಾಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬರು ಕೂತಿರ್ತಾರೆ. “ಇಪ್ಪತ್ರುಪಾಯ್ ಸಾ ಒಬ್ರುಗೆ. ಗಿಡ ಮುರೀಬ್ಯಾಡಿ.” ಅಷ್ಟಕ್ಕೇ ನಮ್ಮವರ ಪಿತ್ತ ನೆತ್ತಿಗೇರುತ್ತೆ. “ಹೂವು ನೋಡೋಕೂ ದುಡ್ಡಾ? ರೈತರೂ ಕಮರ್ಷಿಯಲ್ ಆಗೋದ್ರು.” ಇದನ್ನ ಹೇಳೋರು ಮಾಲ್‌ನ ಪಾರ್ಕಿಂಗಿಗೆ ನೂರು ಕೊಟ್ಟು ಬಾಯಿ ಮುಚ್ಚಿಕೊಂಡು ಬರುವವರು.

ನಾನು ಬಿಇ ಓದಿದವನು, ಬನ್ನಿ ಲೆಕ್ಕ ಹಾಕೋಣ. ಸೂರ್ಯಕಾಂತಿಗೆ ಸಾಲಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30. ಎಕರೆಗೆ ಸುಮಾರು 22 ಸಾವಿರ ಗಿಡ. ಒಳ್ಳೆ ಮಳೆಯಾಗಿ ಗಿಡಕ್ಕೆ 30 ಗ್ರಾಂ ಕಾಳು ಕಟ್ಟಿತು ಅಂದುಕೊಳ್ಳಿ. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,721 ರೂಪಾಯಿ. ಆ ಬೆಲೆ ನಿಜವಾಗಿ ಕೈಗೆ ಸಿಕ್ಕರೂ ಒಂದು ಹೂವಿಗೆ ಎರಡು ರೂಪಾಯಿ ಚಿಲ್ಲರೆ. ಎಕರೆಗೆ ಐವತ್ತು ಸಾವಿರದ ಆಸುಪಾಸು. ಇದರಲ್ಲಿ ಬೀಜ, ಉಳುಮೆ, ಗೊಬ್ಬರ, ಆಳು, ಒಕ್ಕಣೆ ಕಳೆಯಿರಿ. ಮಳೆ ಕೈಕೊಟ್ಟರೆ ಕಳೆಯೋಕೂ ಏನೂ ಉಳಿದಿರಲ್ಲ. ಎರಡಡಿ ಅಗಲದ ಸಾಲಿನೊಳಗೆ ಆರು ಜನರ ಕುಟುಂಬ ಮಗೂನೂ ಎತ್ತಿಕೊಂಡು ನುಗ್ಗಿ, ಬೆನ್ನು ತಿರುಗಿಸಿ, ಜಡೆ ಹಾರಿಸಿ ಹೊರಬರುವ ಹೊತ್ತಿಗೆ ಹತ್ತು ಹದಿನೈದು ಗಿಡ ಮುರಿಯೋದು ಏನೂ ಹೆಚ್ಚಲ್ಲ. ಅಲ್ಲಿಗೆ ಮೂವತ್ತು ರೂಪಾಯಿ ಹೋಯ್ತು. ಟಿಕೆಟ್ಟಿಂದ ಬಂದದ್ದು ನೂರಿಪ್ಪತ್ತು. “ಹಾಗಾದ್ರೆ ಲಾಭವೇ ಆಯ್ತಲ್ಲ?” ಆಗ್ಲಿ! ರೈತನಿಗೆ ಲಾಭ ಆದ ತಕ್ಷಣ ನಮಗ್ಯಾಕೆ ಹೊಟ್ಟೆನೋವು? ನಾವು ಬರೆಯೋ ಕೋಡಿಗೆ ಗಂಟೆಗೆ ಇಷ್ಟು ಡಾಲರ್ ಅಂತ ಬಿಲ್ ಹಾಕಲ್ವಾ?

ನನ್ನ ಪ್ರಕಾರ ಕರ್ನಾಟಕದ ಪ್ರವಾಸಿ ತಾಣಗಳಲ್ಲಿ ಅತ್ಯಂತ ನಿಯತ್ತಿನ ಟಿಕೆಟ್ಟು ಆ ಇಪ್ಪತ್ತು ರೂಪಾಯಿಯದ್ದು. ದುಡ್ಡು ಯಾರಿಗೆ ಹೋಗುತ್ತೆ ಅಂತ ಗೊತ್ತು. ಏನು ಮಾಡಬಾರದು ಅಂತ ಎದುರಿಗೇ ಕೂತು ಹೇಳೋರು ಇದ್ದಾರೆ. ಗಿಡ ಮುರಿದರೆ ಬೈಯೋರೂ ಅವರೇ. ಅಲ್ಲಿ ಜನ ಎಷ್ಟೇ ಬರಲಿ, ಮುಂದಿನ ವರ್ಷ ಮತ್ತೆ ಹೂವಿರುತ್ತೆ.

ಈಗ ಬೆಟ್ಟಕ್ಕೆ ಬನ್ನಿ, ಅಲ್ಲಿ ಕುರ್ಚಿ ಹಾಕಿಕೊಂಡು ಕೂತವರಿಲ್ಲ. 2022ರ ಸೆಪ್ಟೆಂಬರ್–ಅಕ್ಟೋಬರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ನೀಲಕುರಿಂಜಿ ಅರಳಿತ್ತು. ಮಲೆನಾಡಿನವರ ಬಾಯಲ್ಲಿ ಗುರಿಗೆ. ಇದರಲ್ಲಿ ಏಳೆಂಟು ವರ್ಷಕ್ಕೆ ಅರಳುವ ಜಾತಿಯೂ ಇದೆ, ಹನ್ನೆರಡು ವರ್ಷಕ್ಕೆ ಅರಳುವ ಜಾತಿಯೂ ಇದೆ. ಎಲ್ಲ ಗಿಡ ಒಟ್ಟಿಗೇ ಹೂಬಿಟ್ಟು, ಬೀಜ ಉದುರಿಸಿ, ಒಟ್ಟಿಗೇ ಸಾಯುತ್ತವೆ. ಅಂದರೆ ಒಂದು ಗೊಂಚಲು ಕಿತ್ತರೆ ಹನ್ನೆರಡು ವರ್ಷ ಕಾದ ಗಿಡವೊಂದು ಬೀಜವಿಲ್ಲದೆ ಹೋದ ಹಾಗೆ. ಅದಕ್ಕೆ ಇನ್ನೊಂದು ಅವಕಾಶ ಇಲ್ಲ. ಆ ಅಜ್ಜಿಗೆ ಇದನ್ನ ಯಾರು ಹೇಳಿದರು? ಊರಲ್ಲಿ ಹೂವು ಕಂಡರೆ ಕಿತ್ತು ದೇವರಿಗೆ ಇಡೋದು, ಇಲ್ಲಾ ಮುಡಿಯೋದು. ಬೆಟ್ಟದಲ್ಲೂ ಅವಳು ಅದನ್ನೇ ಮಾಡಿದರೆ ಬೈಯೋಕೆ ನೂರು ಜನ ಇದ್ದಾರೆ, ‘ಇದು ಕೀಳಬಾರದ ಹೂವಮ್ಮ, ಯಾಕಂದ್ರೆ ಹೀಗೆ’ ಅಂತ ಹೇಳೋಕೆ ಒಬ್ಬರಿಲ್ಲ. ಬೀಗರೂರಿಗೆ ಹೋದರೆ ಹೇಗೆ ನಡೆದುಕೊಳ್ಳಬೇಕು ಅಂತ ಅರಿತ ಹೆಂಗಸಿಗೆ ಬೆಟ್ಟದ ರೀತಿ ಅರ್ಥವಾಗಲ್ಲ ಅಂತ ತೀರ್ಮಾನ ಮಾಡೋಕೆ ನಾವ್ಯಾರು?

ಪುಣೆ ಕಡೆ ಕೆಲಸ ಮಾಡಿದವರಿಗೆ ಸಾತಾರದ ಹತ್ತಿರದ ಕಾಸ್ ಪ್ರಸ್ಥಭೂಮಿ ಗೊತ್ತಿರುತ್ತೆ. 2012ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು. ಅಲ್ಲಿ ಹೂವಿನ ಕಾಲಕ್ಕೆ ಮುಂಗಡ ಬುಕಿಂಗು, ಶುಲ್ಕ, ನಡೆಯೋಕೆ ಗೊತ್ತುಮಾಡಿದ ದಾರಿ. ಅರಣ್ಯ ಇಲಾಖೆಯ ಜೊತೆ ಸುತ್ತಲಿನ ಹಳ್ಳಿಯವರ ಸಮಿತಿ ನೋಡಿಕೊಳ್ಳುತ್ತೆ. ಗುಂಡ್ಲುಪೇಟೆಯ ಪ್ಲಾಸ್ಟಿಕ್ ಕುರ್ಚಿಯ ದೊಡ್ಡ ರೂಪ ಅದು. ಮುಳ್ಳಯ್ಯನಗಿರಿಯಲ್ಲೂ ಈಗ ವಾಹನಗಳಿಗೆ ಮುಂಗಡ ಬುಕಿಂಗ್ ಬಂದಿದೆ, ಒಳ್ಳೇದು. ಆದರೆ ಆನ್‌ಲೈನ್ ಬುಕಿಂಗ್ ಒಂದೇ ಆದರೆ ಮೊದಲು ಸ್ಲಾಟ್ ಹಿಡಿಯೋದು ಯಾರು? ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತ ನಾನು ಮತ್ತು ನೀವು. ಜನ ಕಡಿಮೆಯಾದರು ಅಂತ ನಮಗೆ ಖುಷಿ. ಯಾರು ಕಡಿಮೆಯಾದರು ಅಂತ ನೋಡಲ್ಲ.

ಸಮುದ್ರದ ವಿಷಯಕ್ಕೆ ಬಂದರೆ ಇದು ಬರೀ ಹೂವಿನ ಪ್ರಶ್ನೆಯಾಗಿ ಉಳಿಯಲ್ಲ, ಜೀವದ ಪ್ರಶ್ನೆ. 2024ರ ಡಿಸೆಂಬರಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಕೋಲಾರ ಅಂದರೆ ಹೊಳೆ ಹರಿಯದ ನಾಡು. ಆ ಸುದ್ದಿ ಬಂದ ದಿನ ನಮ್ಮ ಕಾಫಿ ಮಷೀನ್ ಹತ್ತಿರ ಕೇಳಿದ್ದು, “ಬುದ್ಧಿ ಬೇಡ್ವಾ, ಅಷ್ಟು ಮುಂದಕ್ಕೆ ಯಾಕೆ ಹೋಗ್ಬೇಕು?”

ಬುದ್ಧಿಯ ಮಾತಾಡೋಣ. ಅಲೆ ಬೆಳ್ಳಗೆ ಒಡೆಯುವ ಜಾಗ ನೋಡಿ ಭಯವಾಗುತ್ತೆ. ಅದರ ಪಕ್ಕದಲ್ಲೇ ಅಲೆ ಒಡೆಯದ, ಸ್ವಲ್ಪ ಕಪ್ಪಗೆ ಶಾಂತವಾಗಿ ಕಾಣುವ ಪಟ್ಟಿ ಇರುತ್ತೆ. ಗೊತ್ತಿಲ್ಲದವರು “ಇಲ್ಲಿ ಅಲೆ ಕಮ್ಮಿ, ಮಕ್ಕಳನ್ನ ಇಲ್ಲೇ ಇಳಿಸೋಣ” ಅಂತಾರೆ. ಎಷ್ಟೋ ಸಲ ದಡಕ್ಕೆ ಬಂದ ನೀರೆಲ್ಲ ವಾಪಸ್ ಕಡಲಿಗೆ ಓಡುವ ದಾರಿಯೇ ಅದು. ಸಿಕ್ಕಿಕೊಂಡವರು ದಡಕ್ಕೆ ನೇರ ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬರಬೇಕು. ಇದು ಮೀನುಗಾರರ ಮಕ್ಕಳಿಗೆ ಗೊತ್ತು. ನನ್ನ ಟೀಮಿನ ಹದಿನಾಲ್ಕು ಇಂಜಿನಿಯರುಗಳನ್ನ ಕೇಳಿದೆ, ಇಬ್ಬರಿಗೆ ಗೊತ್ತಿತ್ತು. ನಮಗೇ ಇಲ್ಲದ ಬುದ್ಧಿಯನ್ನ ಒಣನಾಡಿನ ಹೈಸ್ಕೂಲ್ ಮಕ್ಕಳಿಂದ ನಿರೀಕ್ಷೆ ಮಾಡೋದು ಯಾವ ನ್ಯಾಯ?

ಇದನ್ನ ಸರಿಮಾಡೋಕೆ ಆಗಲ್ಲ ಅಂತೇನಿಲ್ಲ. ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕೆ ಜೀವರಕ್ಷಕರು ಬೇಕು, ಶೌಚಾಲಯ ಬೇಕು, ನೀರಿನ ಪರೀಕ್ಷೆ ಬೇಕು. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕರಾವಳಿಯಲ್ಲಿ ಆ ಎರಡು ಕಡೆ ಸಾಧ್ಯವಾದದ್ದು ಜನ ಹೋಗುವ ಉಳಿದ ಕಡೆ ಯಾಕೆ ಸಾಧ್ಯವಿಲ್ಲ? ಈ ಪ್ರಶ್ನೆ ಕೇಳಬೇಕಾದ ಬಾಯಿ ನಮ್ಮದು. ಟ್ವಿಟರಲ್ಲಿ ಟ್ಯಾಗ್ ಮಾಡೋಕೆ, ಅರ್ಜಿ ಹಾಕೋಕೆ ಬರುವವರು ನಾವು. ಗುಂಡಿ ಬಿದ್ದ ಔಟರ್ ರಿಂಗ್ ರೋಡಿಗೆ ಮಂತ್ರಿಯ ತನಕ ಎಳೆದಾಡುವ ನಾವು ಬೀಚಿಗೆ ಹೋದಾಗ ಮಾತ್ರ ತುಟಿಪಿಟಕ್ ಅನ್ನದೆ, ‘ಇನ್ನೂ ಯಾರಿಗೂ ಗೊತ್ತಿಲ್ಲದ ಬೀಚು’ ಹುಡುಕಿಕೊಂಡು ಹೊರಡ್ತೀವಿ. ಅಲ್ಲಿ ರಾತ್ರಿಗೆ ಎಂಟು ಸಾವಿರದ ಕಾಟೇಜಲ್ಲಿ ಉಳಿದು, ರೀಲ್ ಮಾಡಿ, ಲೊಕೇಶನ್ ಹಾಕ್ತೀವಿ. ಎರಡು ವರ್ಷ ಕಳೆದ ಮೇಲೆ ಅಲ್ಲಿಗೂ ಟೆಂಪೋ ಟ್ರಾವೆಲರ್ ಬಂದಾಗ, “ಇದನ್ನೂ ಹಾಳುಮಾಡಿದ್ರು” ಅಂತೀವಿ. ದಾರಿ ತೋರಿಸಿದ್ದು ಯಾರು?

ಶೌಚಾಲಯ ಅಂದೆನಲ್ಲ, ಅದನ್ನ ಹಾಗೇ ದಾಟಿ ಹೋಗೋಕಾಗಲ್ಲ. ನಮ್ಮ ಮನೆಯ ಹೆಂಗಸರು ಟ್ರಿಪ್ಪಿನ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ನಿಲ್ಲಿಸ್ತಾರೆ. ಗಮನಿಸಿದ್ದೀರಾ? ಗಂಡಸರು ವ್ಯೂಪಾಯಿಂಟ್ ನೋಡುವಾಗ ಹೆಂಗಸರು ಪೊದೆ ಹುಡುಕ್ತಿರ್ತಾರೆ, ಒಬ್ಬರು ಸೀರೆ ಸೆರಗು ಅಡ್ಡ ಹಿಡಿದಿರ್ತಾರೆ. ಸಂಜೆ ಮನೆ ಸೇರುವ ಹೊತ್ತಿಗೆ ತಲೆನೋವು, ಉರಿ. “ಹೆಂಗಿತ್ತು?” ಅಂದರೆ “ಚೆನ್ನಾಗಿತ್ತು” ಅಂತಾರೆ, ಯಾಕಂದ್ರೆ ನಿಜವಾಗಿಯೂ ಚೆನ್ನಾಗಿತ್ತು. ಇಷ್ಟು ಕಷ್ಟಪಟ್ಟು ಒಂದು ಹೂವು, ಒಂದು ಅಲೆ ನೋಡಿ ಬರುವವರಿಗೆ ನಾವು ‘ಜನ’ ಅಂತ ಹೆಸರಿಟ್ಟಿದ್ದೀವಿ.

ಈ ಸಲ ಗುಂಡ್ಲುಪೇಟೆಗೆ ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಹತ್ತರೊಳಗೆ ಹೋಗಿ. ಮೊಗ್ಗಿದ್ದಾಗ ಮಾತ್ರ ಸೂರ್ಯಕಾಂತಿ ಸೂರ್ಯನ ಹಿಂದೆ ತಿರುಗೋದು. ಪೂರ್ತಿ ಅರಳಿದ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತೆ, ಸಂಜೆ ಬಿಸಿಲಲ್ಲಿ ಫೋಟೋ ತೆಗೆದರೆ ಹೂವಿನ ಬೆನ್ನು ಬರುತ್ತೆ. ಬದುವಿನ ಮೇಲೆ ನಿಲ್ಲಿ. ಜೇನು ಕೂತಿದ್ದರೆ ಓಡಿಸಬೇಡಿ, ಅದು ಕೂತರೇ ಕಾಳು ಕಟ್ಟೋದು. ಚಿಲ್ಲರೆ ಇಟ್ಟುಕೊಳ್ಳಿ, ಚೌಕಾಸಿ ಮಾಡಬೇಡಿ. ಅದೇ ಜೋರಿನಲ್ಲಿ ಬೀಚಿನ ಕಡೆ ತಿರುಗಬೇಡಿ, ಅದು ಯಾಂತ್ರಿಕ ದೋಣಿಗಳೇ ಕಡಲಿಗಿಳಿಯದ ಕಾಲ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ರಜೆ. ಸಮುದ್ರಕ್ಕೆ ಡಿಸೆಂಬರ್ ಚೆನ್ನ, ಆಗಲೂ ಅಲ್ಲಿಯ ಮೀನುಗಾರರನ್ನ ಒಂದು ಮಾತು ಕೇಳಿ ಇಳಿಯಿರಿ.

ಅಮ್ಮನ ಸಂಘದವರು ಈ ಡಿಸೆಂಬರಿಗೆ ಮರವಂತೆ ಅಂತಿದ್ದಾರೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ಮಧ್ಯೆ ರಸ್ತೆ ಅಂತ ಯಾರೋ ಹೇಳಿದರಂತೆ. ಜನ ಜಾಸ್ತಿ ಇರ್ತಾರಾ ಅಂತ ಅವಳು ಕೇಳಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತೆ, ಹೆಂಗಸರಿಗೆ ಕಕ್ಕಸು ಎಲ್ಲೈತೆ, ಎರಡನ್ನೂ ಫೋನಲ್ಲಿ ನೋಡಿ ಹೇಳು ಅಂದಳು. ನೋಡಿದೆ. ಸೂರ್ಯ ಎಷ್ಟು ಗಂಟೆಗೆ ಮುಳುಗ್ತಾನೆ ಅಂತ ಮೊದಲು ತೋರಿಸ್ತು.